ಆಕಾಶವಿಲ್ಲದ ಊರಿನಲ್ಲಿ ನೀಲಿ ಮಖಮಲ್ಲು

ಅಕ್ಟೋಬರ್ 3

ಬೆಳಿಗ್ಗೆ ಆರಕ್ಕೆ ಲಿಮಾದಲ್ಲಿ ಇಳಿದೆ. ಇಳಿದವನೇ ಅಭ್ಯಾಸಬಲದಿಂದ ತಲೆಯೆತ್ತಿ ನೋಡಿದೆ. ಮೇಲೆ ಏನೂ ಇರಲಿಲ್ಲ. ಮೋಡವೂ ಅಲ್ಲ, ಮಂಜೂ ಅಲ್ಲ. ತೊಳೆಯದ ಅಲ್ಯುಮಿನಿಯಂ ಪಾತ್ರೆಯೊಂದನ್ನು ಊರಿನ ಮೇಲೆ ಬೋರಲು ಹಾಕಿದ ಹಾಗಿತ್ತು. ಒಂಬತ್ತಾದರೂ ಹಾಗೇ, ಮಧ್ಯಾಹ್ನವಾದರೂ ಹಾಗೇ. ಕಣ್ಣಿನ ಪೊರೆ ಬಲಿತಿದೆ ಎಂದು ಗೊತ್ತಿತ್ತು, ಇಷ್ಟು ಬಲಿತಿದೆ ಎಂದು ಗೊತ್ತಿರಲಿಲ್ಲ.

ಸೆನೊಬಿಯಾ ಬಸ್ ನಿಲ್ದಾಣಕ್ಕೆ ಬಂದಿದ್ದಳು. ಅವಳೂ ನಮ್ಮ ಚುಕಿಮಾರ್ಕಾದವಳೇ. ಮೂವತ್ತು ವರ್ಷದ ಹಿಂದೆ ಬೆಟ್ಟ ಇಳಿದು ಬಂದವಳು ಇಲ್ಲಿನ ಸಂತ ರೀಟಾ ಮಾರುಕಟ್ಟೆಯಲ್ಲಿ ಆಲೂಗಡ್ಡೆ ಮಾರುತ್ತಾಳೆ. ಅವಳ ಮಗಳ ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿ ಹಿಡಿದವನು ನಾನು. ಹಾಗಾಗಿ ಅವಳು ನನಗೆ ಕೊಮಾದ್ರೆ, ನಾನು ಅವಳಿಗೆ ಕೊಂಪಾದ್ರೆ. ಈ ನಂಟಿನ ಮುಂದೆ ರಕ್ತಸಂಬಂಧ ಸಪ್ಪೆ.

"ಆಕಾಶ ಎಲ್ಲಿ ಕೊಮಾದ್ರೆ?" ಎಂದು ಕೇಳಿದೆ.

"ಇಲ್ಲಿ ಆಕಾಶ ಇಲ್ಲ ಕೊಂಪಾದ್ರೆ. ಕತ್ತೆಹೊಟ್ಟೆ ಅಂತೀವಿ ನಾವು ಇದನ್ನ. ಬಂದ ದಿನವೇ ಜಗಳ ತೆಗೀಬೇಡಿ, ನಡೀರಿ, ಗಂಜಿ ಆರಿಹೋಗುತ್ತೆ."

ನನಗೆ ನೋವಾಗದಿರಲಿ ಎಂದು ಹೀಗೆ ಹೇಳಿದಳು. ಒಳ್ಳೆಯ ಹೆಂಗಸು.

ಈ ಪುಸ್ತಕದಲ್ಲಿ ಅಕ್ಷರಗಳನ್ನು ಕೋಳಿಮೊಟ್ಟೆಯಷ್ಟು ದೊಡ್ಡದಾಗಿ ಬರೆಯುತ್ತಿದ್ದೇನೆ. ಬಲಗಣ್ಣಿನ ಶಸ್ತ್ರಚಿಕಿತ್ಸೆ ಇಪ್ಪತ್ತೊಂದಕ್ಕೆ. ಡಿಸೆಂಬರ್ ಎಂಟರ ಹಬ್ಬಕ್ಕೆ ನಮ್ಮ ಊರಿನ ಚರ್ಚಿನ ಮಾತೆಗೆ ಹೊಸ ಹೊದಿಕೆ ಆಗಬೇಕು. ಈ ವರ್ಷ ಹಬ್ಬದ ಖರ್ಚು ಹೊತ್ತಿರುವ ದೋನ್ಯಾ ಕ್ಲೊರಿಂದಾ ನನಗೇ ವಹಿಸಿದ್ದಾಳೆ. "ಮಖಮಲ್ಲು ಲಿಮಾದಿಂದಲೇ ಆಗಬೇಕು ಸಾಬಿನೊ, ನೀವೇ ಹೋಗಿ ತನ್ನಿ. ಹೋದವರು ಹಾಗೇ ಕಣ್ಣೂ ತೋರಿಸಿಕೊಂಡು ಬನ್ನಿ" ಎಂದಳು. ನಲವತ್ತು ವರ್ಷ ಕಸೂತಿ ಹಾಕಿದ ಕೈ ಇದು. ಕಣ್ಣು ಸರಿಹೋಗದಿದ್ದರೆ ಈ ಹೊದಿಕೆಯೇ ಕೊನೆಯದು. ಆಮೇಲೆ ಏನು ಮಾಡಬೇಕೋ ನನಗೆ ತಿಳಿಯದು.

ಅಕ್ಟೋಬರ್ 4

ಆಸ್ಪತ್ರೆ. ಡಾಕ್ಟರಮ್ಮನ ಹೆಸರು ಆರ್ಸೆ. ಚಿಕ್ಕ ವಯಸ್ಸು, ದೊಡ್ಡ ದನಿ.

"ಏನು ಕೆಲಸ ಯಜಮಾನ್ರೇ?"

"ಕಸೂತಿ."

"ಬಣ್ಣ ಸರಿಯಾಗಿ ಗೊತ್ತಾಗುತ್ತಾ?"

"ನಿಮಗಿಂತ ಚೆನ್ನಾಗಿ ಗೊತ್ತಾಗುತ್ತೆ" ಎಂದೆ. ಅವಳು ನಕ್ಕಳು. ಕಣ್ಣಿಗೆ ಆಯಾಸ ಮಾಡಬೇಡಿ ಎಂದಳು. ಹೂಂ ಎಂದೆ. ಹೊದಿಕೆಯ ವಿಷಯ ಹೇಳಲಿಲ್ಲ, ಅವಳು ಕೇಳಲೂ ಇಲ್ಲ.

ಅಕ್ಟೋಬರ್ 6

ಗಮಾರ್ರಾದ ಬಟ್ಟೆ ಪೇಟೆಗೆ ಒಬ್ಬನೇ ಹೋಗಿದ್ದೆ. ಸೆನೊಬಿಯಾ ಜೊತೆಗೆ ಬರುತ್ತೇನೆಂದಳು, ಬೇಡ ಎಂದೆ. ಬಟ್ಟೆ ಕೊಳ್ಳಲು ನನಗೆ ಕಾವಲೇ?

ಎಂಥ ಜನ! ನಮ್ಮ ಊರಿನ ಹಬ್ಬದ ದಿನ ಕೂಡುವಷ್ಟು ಜನ ಒಂದು ಅಂಗಡಿಯ ಮೆಟ್ಟಿಲ ಮೇಲೆ. ನೆಲದಡಿಯಲ್ಲೂ ಅಂಗಡಿ, ಏಳನೇ ಮಹಡಿಯಲ್ಲೂ ಅಂಗಡಿ. ಒಬ್ಬ ಗುಂಡಿ ಮಾರುತ್ತಾನೆ, ಅವನ ಪಕ್ಕದವನು ಬರೀ ಕಾಜ ಹಾಕಿಕೊಡುತ್ತಾನೆ. ಎಲ್ಲರೂ ಕೂಗುವವರೇ. ನನ್ನನ್ನು ಮೂರು ಸಲ ತಳ್ಳಿದರು, ಮೂರು ಸಲವೂ "ಕ್ಷಮಿಸಿ ಅಪ್ಪಾಜಿ" ಎಂದರು. ತಳ್ಳುವುದು ಬಿಡಲಿಲ್ಲ.

ಮಖಮಲ್ಲಿನ ಅಂಗಡಿಯ ಹುಡುಗಿ ಒಂದೊಂದೇ ಸುರುಳಿ ಬಿಚ್ಚಿದಳು. ಹೆಚ್ಚಿನವು ಹಸಿರು ಬಡಿದುಕೊಂಡಿದ್ದವು, ಕೆಲವು ಬೂದಿ. ಲಿಮಾದ ಬಣ್ಣಗಾರರಿಗೆ ನೀಲಿ ಹಾಕಲು ಬರುವುದಿಲ್ಲ. ನಮ್ಮ ಊರಿನಲ್ಲಿ ಮಾತೆಯ ಬಟ್ಟೆ ಆರಿಸುವ ಕ್ರಮವೇ ಬೇರೆ. ಮಧ್ಯಾಹ್ನ ಹನ್ನೆರಡಕ್ಕೆ ಅಂಗಳಕ್ಕೆ ಹೋಗಿ ಬಟ್ಟೆಯನ್ನು ಆಕಾಶಕ್ಕೆ ಎತ್ತಿ ಹಿಡಿಯಬೇಕು. ಅಂಚು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ತಿಳಿಯದಿದ್ದರೆ ಅದು ಮಾತೆಯ ನೀಲಿ. ನನ್ನ ಅಪ್ಪ ಹಾಗೆ ಮಾಡುತ್ತಿದ್ದ, ನಾನೂ ಹಾಗೇ. ಇಲ್ಲಿ ಯಾವುದಕ್ಕೆ ಎತ್ತಿ ಹಿಡಿಯಲಿ? ಕತ್ತೆಯ ಹೊಟ್ಟೆಗೋ?

ಕೊನೆಗೆ ಒಂದು ಸುರುಳಿ ಬಂತು ನೋಡಿ. ಗಾಢವಾದ, ತುಂಬಿಕೊಂಡ ನೀಲಿ. ಹೆಸರು ಹೇಳದೆ ಬೆರಳು ತೋರಿಸಿದೆ. ಕಸೂತಿಯವನು ಬಣ್ಣದ ಹೆಸರು ಕೇಳಬಾರದು.

"ಒಳ್ಳೇದನ್ನೇ ಹಿಡಿದ್ರಿ ಅಪ್ಪಾಜಿ. ಈ ತಿಂಗಳು ಎಲ್ಲರೂ ಒಯ್ಯೋದು ಇದನ್ನೇ" ಎಂದಳು ಹುಡುಗಿ.

ಲಿಮಾದವರಿಗೂ ಸ್ವಲ್ಪ ಕಣ್ಣಿದೆ ಎಂದು ಸಮಾಧಾನವಾಯಿತು.

ಅಕ್ಟೋಬರ್ 7

ಸೆನೊಬಿಯಾಗೆ ಬಟ್ಟೆ ತೋರಿಸಿದೆ. ಅವಳು ಕೈ ಒರೆಸಿಕೊಂಡು ಅಂಚನ್ನು ಮುಟ್ಟಿದಳು, ಶಿಲುಬೆಯ ಗುರುತು ಮಾಡಿಕೊಂಡಳು.

"ನೀವು ಇಂಥವರು ಅಂತ ಗೊತ್ತಿರಲಿಲ್ಲ ಕೊಂಪಾದ್ರೆ" ಎಂದಳು. ಮೂಗು ಒರೆಸಿಕೊಂಡಳು ಅಂತ ಕಾಣುತ್ತದೆ. ರಾತ್ರಿಯ ಸಾರಿನಲ್ಲಿ ನನ್ನ ಪಾಲಿಗೆ ಎರಡು ತುಂಡು ಮಾಂಸ ಬಿತ್ತು.

ಊರು ಬಿಟ್ಟು ಮೂವತ್ತು ವರ್ಷವಾದರೂ ನಮ್ಮ ಮಾತೆಯ ಮೇಲೆ ಅವಳಿಗೆ ಇಷ್ಟು ಭಕ್ತಿ ಇದೆ ಎಂದು ನಾನು ಎಣಿಸಿರಲಿಲ್ಲ.

ಅಕ್ಟೋಬರ್ 9

ಇಲ್ಲಿ ಮಳೆ ಬರುವುದಿಲ್ಲ, ಆದರೆ ಎಲ್ಲವೂ ಒದ್ದೆ. ಗಾಳಿಯೇ ಬೆವರುತ್ತದೆ. ಒಗೆದ ಕಾಲುಚೀಲ ಮೂರು ದಿನದಿಂದ ಹಗ್ಗದ ಮೇಲಿದೆ.

ಅಕ್ಟೋಬರ್ 11

ಮನೆಯಲ್ಲಿ ಬೆಳಕು ಸಾಲದು. ಕಸೂತಿಯ ಚೌಕಟ್ಟು ಹೊತ್ತುಕೊಂಡು ಮಾರುಕಟ್ಟೆಗೇ ಬಂದೆ. ಸೆನೊಬಿಯಾಳ ಆಲೂಗಡ್ಡೆ ಮೂಟೆಗಳ ನಡುವೆ ನನಗೊಂದು ಮಣೆ. ಮೊದಲು ಅಂಚಿನ ಬಳ್ಳಿ, ಪೂರ್ತಿ ಜರತಾರಿ. ಮಾತೆಯ ಹೆಸರಿನ ಅಕ್ಷರ ನಡುವೆ ಬರಬೇಕು, ಅದು ಕೊನೆಗೆ.

ಮಾರುಕಟ್ಟೆಯ ಹೆಂಗಸರಿಗೆ ಮಾತು ನಿಲ್ಲುವುದಿಲ್ಲ. ಕೊಳ್ಳುವವರು ಮಾರುವವರನ್ನು ಕಾಸೆರಾ ಎನ್ನುತ್ತಾರೆ, ಮಾರುವವರು ಕೊಳ್ಳುವವರನ್ನೂ ಕಾಸೆರಾ ಎನ್ನುತ್ತಾರೆ, ಯಾರು ಯಾರಿಗೆ ಮಾರುತ್ತಿದ್ದಾರೆ ಎಂದೇ ತಿಳಿಯುವುದಿಲ್ಲ. ತೂಗಿ ಆದಮೇಲೆ ಕೊಸರು ಕೊಡದಿದ್ದರೆ ಜಗಳ, ಕೊಟ್ಟರೆ ಇನ್ನೊಂದು ಕೊಸರಿಗೆ ಜಗಳ.

ಇದು ಪವಾಡಗಳ ಪ್ರಭುವಿನ ತಿಂಗಳು. ಶಿಲುಬೆಯ ಮೇಲಿನ ಆ ಪ್ರಭುವಿನ ಬಣ್ಣ ನೇರಳೆಯಂತೆ, ಅರ್ಧ ಲಿಮಾ ನೇರಳೆ ನಿಲುವಂಗಿ ತೊಟ್ಟು ತಿರುಗುತ್ತದೆ. ನೇರಳೆ ಎನ್ನುವುದು ಬಾಯಿಮಾತಿಗೆ, ತೊಟ್ಟಿರುವುದೆಲ್ಲ ನೀಲಿ. ಇಲ್ಲಿನ ಬಣ್ಣಗಾರರ ಬಗ್ಗೆ ನಾನು ಮೊದಲೇ ಬರೆದಿದ್ದೇನೆ. ನೆಂಟರ ಮನೆಗೆ ಬಂದವನು, ಬಾಯಿ ಮುಚ್ಚಿಕೊಂಡಿದ್ದೇನೆ.

ಮೀನಿನ ಕಟ್ಟೆಯ ಮೆಲ್ಚೋರಾ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಈ ಮಾರುಕಟ್ಟೆಯ ಭಕ್ತಮಂಡಳಿಗೆ ಅವಳೇ ಯಜಮಾನಿ. ತಿಂಗಳ ಕೊನೆಗೆ ಮಾರುಕಟ್ಟೆಯೊಳಗೇ ಪ್ರಭುವಿನ ಚಿಕ್ಕ ಪಲ್ಲಕ್ಕಿ ಹೊರಡಿಸುತ್ತಾರಂತೆ.

"ಇವರೇನಾ ಸೆನೊಬಿಯಾ ನಿನ್ನ ಬೆಟ್ಟದ ಕೊಂಪಾದ್ರೆ? ಕಣ್ಣು ಕಾಣಲ್ಲ ಅಂದೆ, ಬಳ್ಳಿ ನೋಡಿದ್ರೆ ಹದ್ದಿನ ಕಣ್ಣು!"

"ಕಣ್ಣಲ್ಲಮ್ಮ, ಬೆರಳು" ಎಂದೆ.

"ಪ್ರಭು ಖುಷಿಪಡ್ತಾನೆ ಬಿಡಿ" ಎಂದು ನಿಂಬೆಹುಳಿ ಹಾಕಿದ ಹಸಿ ಮೀನು ಒಂದು ಬಟ್ಟಲು ಕೊಟ್ಟಳು. ತಾಯಿಗೆ ಉಡಿಸಿದರೆ ಮಗ ಖುಷಿಪಡದೆ ಇರುತ್ತಾನೆಯೇ? ಸರಿಯಾದ ಮಾತು. ಮೀನೂ ಚೆನ್ನಾಗಿತ್ತು. ಹಸಿ ಮೀನು ತಿನ್ನುವ ಜನ ಎಂದು ಊರಿನಲ್ಲಿ ನಾನೇ ಆಡಿಕೊಂಡಿದ್ದೆ.

ಅಕ್ಟೋಬರ್ 14

ಸೂಜಿಯ ಕಣ್ಣು ಕಾಣಿಸಲಿಲ್ಲ. ಹತ್ತು ಸಲ, ಹದಿನೈದು ಸಲ. ದಾರವನ್ನು ಬೆರಳಿಗೇ ಪೋಣಿಸಿದೆ.

ಅಕ್ಟೋಬರ್ 15

ಬೆಳಿಗ್ಗೆ ಎದ್ದಾಗ ಹಾಸಿಗೆಯ ಪಕ್ಕದ ಆಲೂಗಡ್ಡೆಯೊಂದಕ್ಕೆ ಇಪ್ಪತ್ತು ಸೂಜಿ ಚುಚ್ಚಿಟ್ಟಿತ್ತು, ಪ್ರತಿಯೊಂದರಲ್ಲೂ ದಾರ. ನಾಲ್ಕಕ್ಕೆ ಎದ್ದು ಸಗಟು ಮಂಡಿಗೆ ಹೋಗುವ ಸೆನೊಬಿಯಾ ಅದಕ್ಕೂ ಮುಂಚೆ ಕೂತು ಪೋಣಿಸಿದ್ದಾಳೆ.

ಮಧ್ಯಾಹ್ನ ಅವಳು ಬಂದಾಗ, "ಕೊಮಾದ್ರೆ, ಸೂಜಿ..." ಎಂದೆ.

"ಆ ಆಲೂಗಡ್ಡೆ ಮೊಳಕೆ ಬಂದಿತ್ತು, ಮಾರೋಕೆ ಆಗ್ತಿರಲಿಲ್ಲ" ಎಂದಳು. ಇವಳ ಹತ್ತಿರ ಉಪಕಾರ ಸ್ಮರಿಸುವುದು ಕಷ್ಟ.

ಮೂರು ದಿನದಿಂದ ಅವಳು ಸ್ವಲ್ಪ ಮಂಕಾಗಿದ್ದಾಳೆ. ವ್ಯಾಪಾರ ಇಳಿದಿರಬೇಕು.

ಅಕ್ಟೋಬರ್ 18

ದೊಡ್ಡ ಮೆರವಣಿಗೆ ನೋಡಲು ಕರೆದುಕೊಂಡು ಹೋದಳು. ನೋಡಲು ಎನ್ನುವುದು ಮಾತಿಗೆ. ನನಗೆ ಕಂಡದ್ದು ಧೂಪದ ಹೊಗೆ, ತಲೆಗಳು, ಆಚೆ ಎಲ್ಲೋ ಬಂಗಾರದ ಒಂದು ಹೊಳಪು. ಆದರೆ ಸದ್ದು ಕೇಳಿದೆ. ಅಷ್ಟು ಜನ ಒಟ್ಟಿಗೆ ಕಾಲೆಳೆಯುತ್ತ ನಡೆಯುವ ಸದ್ದು ನಮ್ಮ ಹೊಳೆಯಲ್ಲಿ ಹೊಸ ನೀರು ಬಂದಾಗಿನ ಸದ್ದು. ಗುರುತಿಲ್ಲದ ಮುದುಕಿಯೊಬ್ಬಳು ನನ್ನ ತೋಳು ಹಿಡಿದುಕೊಂಡಳು, ಬೀಳದಂತೆ ನನ್ನನ್ನು ಹಿಡಿದಳೋ ತಾನೇ ಬೀಳದಂತೆ ಹಿಡಿದಳೋ ಗೊತ್ತಿಲ್ಲ. ಒಂದು ಗಂಟೆ ಹಾಗೇ ನಿಂತಿದ್ದೆವು.

ಪ್ರಭುವಿನ ಹತ್ತಿರ ಕಣ್ಣು ಕೇಳಿಕೊಂಡೆ. ನಮ್ಮ ಮಾತೆಗೆ ಗೊತ್ತಾಗದ ಹಾಗೆ, ಮೆತ್ತಗೆ.

ಅಕ್ಟೋಬರ್ 20

ನಾಳೆ. ಭಯವಾಗುತ್ತಿದೆ. ಇದನ್ನು ಇಲ್ಲಿ ಮಾತ್ರ ಬರೆಯುತ್ತೇನೆ. ಸಾಯುವ ಭಯವಲ್ಲ, ಊರಿಗೆ ಹೋಗಿ ಬಾಗಿಲ ಬಳಿ ಬಿಸಿಲು ಕಾಯಿಸಿಕೊಳ್ಳುತ್ತ ಕೂರುವ ಭಯ.

ಸೆನೊಬಿಯಾ ಏನೋ ಹೇಳಲು ಬಂದಳು, ಚೌಕಟ್ಟಿನ ಕಡೆ ನೋಡಿದಳು. "ಚೆನ್ನಾಗಿ ಬಂದಿದೆ" ಎಂದು ಹೇಳಿ ಒಳಗೆ ಹೋದಳು.

ಅಕ್ಟೋಬರ್ 21

ಆಯಿತು. ಪಟ್ಟಿ ಕಟ್ಟಿದ್ದಾರೆ. ಎಡಗಣ್ಣಿನಲ್ಲಿ ಬರೆಯುತ್ತಿದ್ದೇನೆ, ಗೆರೆ ಎಲ್ಲಿಗೆ ಹೋಗುತ್ತಿದೆಯೋ

ಅಕ್ಟೋಬರ್ 22

ಬೆಳಿಗ್ಗೆ ಹತ್ತಕ್ಕೆ ಡಾಕ್ಟರಮ್ಮ ಪಟ್ಟಿ ಬಿಚ್ಚಿದಳು. ಅವಳ ಅಂಗಿ ಬಿಳಿ. ಬಿಳಿ ಎಂದರೆ ಇದು ಎನ್ನುವುದನ್ನೇ ನಾನು ಮರೆತಿದ್ದೆ. ಎರಡು ವರ್ಷದಿಂದ ಚಹಾದ ಕರೆ ಕೂತ ಬಿಳಿಯನ್ನೇ ಬಿಳಿ ಎಂದು ನಂಬಿದ್ದೆ.

"ಏನು ಕಾಣ್ತಿದೆ ಯಜಮಾನ್ರೇ?"

"ನಿಮ್ಮ ತೋಳಿನ ಗುಂಡಿಯ ಹೊಲಿಗೆ ಬಿಟ್ಟಿದೆ" ಎಂದೆ. ಅವಳು ನಕ್ಕು ನಕ್ಕು ದಾದಿಯನ್ನು ಕರೆದು ತೋರಿಸಿದಳು.

ಹೊರಗೆ ಬಂದೆ. ಸೆನೊಬಿಯಾ ಗೋಡೆಗೊರಗಿ ಕಾಯುತ್ತಿದ್ದಳು. ಅವಳ ಮುಖದ ತುಂಬ ಸುಕ್ಕು! ಮೂವತ್ತು ವರ್ಷದ ಬೆಳಗಿನ ಜಾವಗಳೆಲ್ಲ ಅಲ್ಲಿದ್ದವು. ಇಷ್ಟು ದಿನ ನಾನು ಮಂಜಿನ ಹಿಂದಿನ ದನಿಯೊಂದರ ಜೊತೆ ಊಟ ಮಾಡುತ್ತಿದ್ದೆ. ಅವಳ ಏಪ್ರನ್ನಿನ ಮೇಲೆ ಕೆಂಪು ಹೂವಿತ್ತು, ಕಿವಿಯಲ್ಲಿ ಹಸಿರು ಕಲ್ಲಿತ್ತು. ನನಗೆ ಅಳು ಬಂತು. ಅಳಬೇಡಿ, ಕಣ್ಣಿಗೆ ಔಷಧಿ ಹಾಕಿದೆ ಎಂದು ಬೈದಳು, ತಾನು ಅತ್ತಳು.

ಆಮೇಲೆ ತಲೆಯೆತ್ತಿದೆ. ಆಕಾಶ ಇರಲಿಲ್ಲ! ಅದೇ ಬೋರಲು ಪಾತ್ರೆ. ಕತ್ತೆಹೊಟ್ಟೆ ನಿಜಕ್ಕೂ ಕತ್ತೆಹೊಟ್ಟೆಯೇ. ಬೀದಿಯ ನಡುವೆ ನಿಂತು ಗಟ್ಟಿಯಾಗಿ ನಕ್ಕೆ. ಬಸ್ಸಿನವನು ಹಾರ್ನ್ ಹೊಡೆದ. ಹಳದಿ ಬಸ್ಸು, ಹಸಿರು ಪಟ್ಟಿ, ಬಾಗಿಲಲ್ಲಿ ನೇತಾಡುತ್ತಿದ್ದವನ ಕಿತ್ತಳೆ ಟೋಪಿ. ಮೂಲೆಯಲ್ಲಿ ಹಬ್ಬದ ತುರ್ರೋನ್ ಮಿಠಾಯಿ ಮಾರುತ್ತಿದ್ದರು. ಸೋಂಪು ಹಾಕಿದ ಬೆಲ್ಲದ ಪಾಕದ ಮೇಲೆ ಚೆಲ್ಲಿದ ಸಕ್ಕರೆ ಕಾಳುಗಳಲ್ಲಿ ಎಷ್ಟು ಬಣ್ಣ! ಒಂದು ತುಂಡು ಕೊಂಡು ತಿನ್ನದೆ ನೋಡುತ್ತ ನಿಂತೆ.

ನಿಲುವಂಗಿಯ ಹೆಂಗಸರು ನಾಲ್ವರು ಎದುರಿಗೆ ಬಂದರು. ಅವರ ಬಟ್ಟೆ ನೇರಳೆಯೇ ಆಗಿತ್ತು. ಸೊಗಸಾದ, ಪಕ್ಕಾ ನೇರಳೆ. ಪಾಪ, ಬಣ್ಣಗಾರರು.

ಅಷ್ಟು ದೂರ ನಗುತ್ತ ಬಂದವನಿಗೆ ಅಲ್ಲಿ ಕಾಲು ನಿಂತಿತು.

ಅಕ್ಟೋಬರ್ 23

ನೇರಳೆ. ಮೂರು ಮೀಟರ್ ನೇರಳೆ ಮಖಮಲ್ಲು, ಅದರ ಮೇಲೆ ಹತ್ತು ದಿನದ ಜರತಾರಿ. ಮಾತೆಗೆ ನೇರಳೆ ಉಡಿಸಲು ಹೊರಟಿದ್ದೆ. ಚೌಕಟ್ಟನ್ನು ಗೋಡೆಗೆ ತಿರುಗಿಸಿಟ್ಟಿದ್ದೇನೆ.

ಅಕ್ಟೋಬರ್ 24

ಸೆನೊಬಿಯಾ ಮಾರುಕಟ್ಟೆಗೆ ಹೋಗದೆ ನನ್ನ ಎದುರಿಗೆ ಕೂತಳು. "ಹೇಳಿ" ಎಂದಳು.

"ನಿಮಗೆ ಗೊತ್ತಿತ್ತು."

"ಗೊತ್ತಿತ್ತು. ಮೊದಲನೇ ದಿನ ಅಲ್ಲ. ಆವತ್ತು ನೀವು ಪ್ರಭುವಿಗೆ ಹರಕೆ ಹೊತ್ತಿದ್ದೀರಿ ಅಂದ್ಕೊಂಡೆ. ಕಣ್ಣಿಗೋಸ್ಕರ ಪಲ್ಲಕ್ಕಿಗೆ ಬಟ್ಟೆ ಮಾಡ್ತಿದ್ದೀರಿ ಅಂತ. ಲಿಮಾದ ದೇವರನ್ನ ಆಡಿಕೊಳ್ಳೋ ಮನುಷ್ಯ ಹೀಗೆ ಮಾಡಿದ್ರಲ್ಲ ಅಂತ ಅಳು ಬಂತು. ಮೆಲ್ಚೋರಾಗೂ ಹಾಗೇ ಹೇಳಿದೆ. ಹನ್ನೆರಡನೇ ತಾರೀಖು ಕ್ಲೊರಿಂದಾಗೆ ಫೋನ್ ಮಾಡಿ ಹೇಳಿದೆ. ಅವಳು, 'ಯಾವ ಹರಕೆ ಮಾರಾಯ್ತಿ, ಅದು ನಮ್ಮ ಮಾತೆಯ ಹೊದಿಕೆ!' ಅಂದ್ಲು."

"ಹೇಳಬಾರದಿತ್ತಾ ಕೊಮಾದ್ರೆ? ಎಂಟೊಂಬತ್ತು ದಿನ ನನ್ನ ಕೈಲಿ ಹೊಲಿಸಿದ್ರಿ, ಸೂಜಿ ಬೇರೆ ಪೋಣಿಸಿಕೊಟ್ರಿ!"

"ಹೇಳಿದ್ರೆ ಏನು ಮಾಡ್ತಿದ್ರಿ? ಆಪರೇಶನ್ನಿಗೆ ಹೋಗ್ತಿದ್ರಾ? ಸಂಜೆ ಬಸ್ಸಿಗೆ ಊರಿಗೆ ಓಡಿಹೋಗಿ ಬಾಗಿಲು ಹಾಕ್ಕೊಂಡು ಕೂರ್ತಿದ್ರಿ. ನಿಮ್ಮ ಜಂಬ ನನಗೆ ಗೊತ್ತಿಲ್ವಾ?"

ಸುಳ್ಳಲ್ಲ. ಹಾಗೇ ಮಾಡುತ್ತಿದ್ದೆ.

"ಇನ್ನೊಂದಿದೆ. ಕೇಳ್ತೀರಾ?" ಎಂದಳು. "ಹೋದ ವರ್ಷದ ಕುಣಿತದವರ ಅಂಗಿಗಳು. ಹಸಿರು ಎಲೆಗೆ ನೀವು ಹಾಕಿದ್ದು ನೀಲಿ. ಅದರ ಹಿಂದಿನ ವರ್ಷ ಸಂತ ಯಾಕೋಬರ ಬಿಳಿ ಕುದುರೆಗೆ ಹಳದಿ. ಊರಲ್ಲಿ ಎಲ್ಲರಿಗೂ ಗೊತ್ತು, ಕ್ಲೊರಿಂದಾ ಹೇಳಿದ್ಲು."

ಇಪ್ಪತ್ತನಾಲ್ಕು ಜನ ಆ ಅಂಗಿ ತೊಟ್ಟು ಮೂರು ದಿನ ಕುಣಿದಿದ್ದರು. ನನ್ನ ಬಾಗಿಲ ಮುಂದೆ ನಿಂತು ಒಂದು ಸುತ್ತು ಹೆಚ್ಚಿಗೆ ಕುಣಿದಿದ್ದರು. "ಏನು ಕೈ ಸಾಬಿನೊ!" ಎಂದು ಹೆಗಲು ತಟ್ಟಿದ್ದರು. ಒಬ್ಬನಾದರೂ ತುಟಿಪಿಟಕ್ ಎನ್ನಲಿಲ್ಲ. ಕ್ಲೊರಿಂದಾ ನನ್ನನ್ನು ಲಿಮಾಕ್ಕೆ ಕಳಿಸಿದ್ದು ಮಖಮಲ್ಲಿಗಲ್ಲ ಎಂದು ಈಗ ಹೊಳೆಯಿತು. ಊರೆಲ್ಲ ಕೂತು ಮಾತಾಡಿ ಕಳಿಸಿರಬೇಕು. ಮುಖ ಎಲ್ಲಿ ಇಟ್ಟುಕೊಳ್ಳಲಿ ಎಂದು ನಾಚಿಕೆಯಾಯಿತು. ನಾಚಿಕೆಯ ಅಡಿಯಲ್ಲಿ ಇನ್ನೇನೋ ಬೆಚ್ಚಗಿತ್ತು.

"ಈಗ ನೀಲಿಗೆ ಎಲ್ಲಿ ಹೋಗಲಿ? ಡಾಕ್ಟರಮ್ಮ ಒಂದು ವಾರ ಹೊರಗೆ ಬಿಡಲ್ಲ" ಎಂದೆ.

ಸೆನೊಬಿಯಾ ಎದ್ದು ಮಂಚದಡಿಯಿಂದ ಆಲೂಗಡ್ಡೆ ಚೀಲ ಎಳೆದಳು. ಒಳಗೆ ಕಾಗದ, ಕಾಗದದೊಳಗೆ ಮಖಮಲ್ಲು. ನಮ್ಮ ಊರಿನ ಮಧ್ಯಾಹ್ನ ಹನ್ನೆರಡು ಗಂಟೆ.

"ಹದಿಮೂರಕ್ಕೇ ತಂದಿಟ್ಟೆ. ಅದೇ ಅಂಗಡಿ, ಅದೇ ಹುಡುಗಿ. ನೀವು ಹಸಿರು ಅಂತ ಬೈದು ಎಸೆದ ಸುರುಳಿಯೇ ಇದಂತೆ."

"ಇದರ ದುಡ್ಡು ನಾನು..."

"ಸುಮ್ನಿರಿ. ಕೊಸರು ಅಂದ್ಕೊಳ್ಳಿ."

ಅಕ್ಟೋಬರ್ 30

ಮಾರುಕಟ್ಟೆಯ ಪಲ್ಲಕ್ಕಿ ಹೊರಟಿತು. ಅದರ ಸುತ್ತ ಇಳಿಬಿಟ್ಟದ್ದು ನನ್ನ ನೇರಳೆ. ನಾನೇ ಕೊಡುತ್ತೇನೆಂದಾಗ ಮೆಲ್ಚೋರಾ ಕಣ್ಣರಳಿಸಿ, "ಮತ್ತೆ? ಇದು ಪ್ರಭುವಿಗೇ ಅಲ್ವಾ?" ಎಂದಳು. ಅವಳಿಗೆ ಯಾರೂ ಏನೂ ಹೇಳಿಲ್ಲ. ನಾನೂ ಹೇಳಲಿಲ್ಲ. ಮಂಡಳಿಯ ಹೆಂಗಸರೇ ಕುಚ್ಚು ಕಟ್ಟಿ ಹೊಲಿದರು, ನಾನು ಮಣೆಯ ಮೇಲೆ ಕೂತು ಅಪ್ಪಣೆ ಮಾಡುತ್ತಿದ್ದೆ.

ಬಳ್ಳಿ ಒಂದು ಕಡೆ ನೆಟ್ಟಗಿದೆ, ಇನ್ನೊಂದು ಕಡೆ ದಾರಿ ತಪ್ಪಿದೆ. ಹದಿನಾಲ್ಕನೇ ತಾರೀಖಿನ ಹೊಲಿಗೆ ಯಾವುದು ಎಂದು ದೂರದಿಂದಲೇ ತೋರಿಸಬಲ್ಲೆ. ಬಿಚ್ಚಿಸಲಿಲ್ಲ. ಕೋಳಿ ಅಂಗಡಿ, ಹಣ್ಣಿನ ಸಾಲು, ನಮ್ಮ ಆಲೂಗಡ್ಡೆ ಕಟ್ಟೆ ದಾಟಿ ಪಲ್ಲಕ್ಕಿ ನಿಧಾನವಾಗಿ ಹೋಯಿತು. ಹೆಂಗಸರು ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನೂ ಒತ್ತಿಕೊಂಡೆ, ಎಡಗಣ್ಣಿಗೆ. ಅದರ ಸರದಿ ನವೆಂಬರ್ ಹನ್ನೊಂದಕ್ಕೆ ಇದೆ.

ನವೆಂಬರ್ 3

ನೀಲಿಗೆ ಸೂಜಿ ಹಾಕಲು ಇವತ್ತಿನಿಂದ ಡಾಕ್ಟರಮ್ಮನ ಅಪ್ಪಣೆ ಇದೆ. ದಿನಕ್ಕೆ ಎರಡು ಗಂಟೆ. ಹೊದಿಕೆ ಇಲ್ಲೇ ಮುಗಿಸಿ, ಅದರ ಜೊತೆಗೇ ಬಸ್ಸು ಹತ್ತುತ್ತೇನೆ. ದಾರ ನಾನೇ ಪೋಣಿಸಿದೆ, ಒಂದೇ ಸಲಕ್ಕೆ. ಆದರೂ ಬೆಳಿಗ್ಗೆ ಆಲೂಗಡ್ಡೆಯಲ್ಲಿ ಇಪ್ಪತ್ತು ಸೂಜಿ ಇದ್ದವು. ಬೇಡ ಎಂದರೆ ಅವಳಿಗೆ ಬೇಸರವಾದೀತು.

ಮಾರುಕಟ್ಟೆಗೆ ಬರುವ ಬಸ್ಸಿನಲ್ಲಿ ಬೆಟ್ಟದ ಕಡೆಯ ಗಂಡ ಹೆಂಡತಿ ಸಿಕ್ಕರು, ಮೊನ್ನೆ ಬಂದವರಂತೆ. ಆಕಾಶ ಯಾವಾಗಲೂ ಹೀಗೇನಾ ಎಂದು ಕೇಳಿದರು. "ಸ್ವಲ್ಪ ತಾಳಿ, ಡಿಸೆಂಬರಿಗೆ ತಿಳಿಯಾಗುತ್ತೆ" ಎಂದೆ. ಎಲ್ಲಿ ಇಳಿಯಬೇಕು ಎಂದೂ ಹೇಳಿಕೊಟ್ಟೆ.

ನವೆಂಬರ್ 6

ಮಧ್ಯಾಹ್ನ ಹನ್ನೆರಡಕ್ಕೆ ಮೀನಿನ ಕಟ್ಟೆಯ ಕಡೆಯಿಂದ ಕೂಗು ಕೇಳಿಸಿತು. "ದೋನ್ ಸಾಬಿನೊ! ಆಕಾಶ ಬಂತು! ಬೇಗ!"

ಮಾತೆಯ ಬಟ್ಟೆಯನ್ನು ಆಕಾಶಕ್ಕೆ ಎತ್ತಿ ಹಿಡಿಯುವ ಕಥೆಯನ್ನು ಸೆನೊಬಿಯಾ ಎಲ್ಲರಿಗೂ ಹೇಳಿಬಿಟ್ಟಿದ್ದಾಳೆ. ನಾನು ಏಳುವಷ್ಟರಲ್ಲಿ ಕೋಳಿಯವಳು ಕೂಗಿದಳು, ಹಣ್ಣಿನವರು ಕೂಗಿದರು, ಸಾಲು ಸಾಲಿಗೆ ಸುದ್ದಿ ಹತ್ತಿಕೊಂಡಿತು. ಇಬ್ಬರು ಹೆಂಗಸರು ಚೌಕಟ್ಟಿನಿಂದ ಬಟ್ಟೆ ಬಿಡಿಸಿ ಮಗುವಿನ ಹಾಗೆ ಎತ್ತಿಕೊಂಡು ಹೊರಗೆ ಓಡಿದರು. ತೂಗುತ್ತಿದ್ದವರು ತಕ್ಕಡಿ ಬಿಟ್ಟು ಬಂದರು. ಹೊರಗೆ ಬಿಸಿಲು ಬಿದ್ದಿತ್ತು. ಮೋಡ ಹರಿದು, ಎರಡು ಕಟ್ಟಡಗಳ ನಡುವೆ ಒಂದು ಚೂರು ಆಕಾಶ.

"ಹಿಡೀರಿ, ಹಿಡೀರಿ, ಮುಚ್ಚಿಕೊಂಡು ಹೋಗುತ್ತೆ!" ಮೆಲ್ಚೋರಾಳ ಕೈಯಲ್ಲಿ ಇನ್ನೂ ಮೀನಿನ ಚಾಕು ಇತ್ತು.

ಎತ್ತಿ ಹಿಡಿದೆ. ಮಖಮಲ್ಲು ನಮ್ಮ ಊರಿನ ನೀಲಿ, ತಪ್ಪೇ ಇಲ್ಲ. ಲಿಮಾದ ಆಕಾಶ ನೀರು ಹೆಚ್ಚಾದ ಹಾಲಿನ ಹಾಗಿತ್ತು. ಅಂಚು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎನ್ನುವುದು ಎಡಗಣ್ಣಿಗೂ ಕಾಣುವಷ್ಟು ಸ್ಪಷ್ಟ. ಹಿಂದೆ ಮೂವತ್ತು ನಲವತ್ತು ಹೆಂಗಸರು ಉಸಿರು ಬಿಗಿಹಿಡಿದು ನಿಂತಿದ್ದರು.

"ಹೇಗಿದೆ ನಮ್ಮ ಆಕಾಶ?" ಎಂದು ಮೆಲ್ಚೋರಾ ಕೇಳಿದಳು. ದನಿ ತುಸು ಇಳಿದಿತ್ತು. "ಸರಿಹೋಯ್ತಾ?"

ನಲವತ್ತು ವರ್ಷದಲ್ಲಿ ಬಣ್ಣದ ವಿಷಯದಲ್ಲಿ ನಾನು ಯಾರಿಗೂ ಸುಳ್ಳು ಹೇಳಿದವನಲ್ಲ.

"ಒಂದೇ ಬಣ್ಣ" ಎಂದೆ. "ಅಂಚೇ ಗೊತ್ತಾಗ್ತಿಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಸೆನೊಬಿಯಾ ನನ್ನ ಮುಖವನ್ನೇ ನೋಡುತ್ತಿದ್ದಳು, ಅವಳಿಗೆ ನಮ್ಮ ಊರಿನ ನೀಲಿ ಗೊತ್ತು. ಬಟ್ಟೆಯ ಇನ್ನೊಂದು ತುದಿ ಹಿಡಿದು, ಧೂಳು ತಾಗದಂತೆ ಮಡಿಸತೊಡಗಿದಳು.